ಬನದ ಮರಗಳೂ ಬನದ ಸಸಿಗಳೂ

(ನಮ್ಮ ಶಾಲೆಯ ರಕ್ಷಕ-ಶಿಕ್ಷಕರ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪ್ರತಿವರ್ಷವೂ ಈ ಸಭೆಯಲ್ಲಿ ಶಾಲೆಯ ವರದಿಯನ್ನು ಓದುವುದು ನಮ್ಮ ಪಾಲಿನ ಕೆಲಸ. ಈ ಸಲ ವರದಿಯನ್ನು ಅಚ್ಚು ಹಾಕಿಸಿ ತಮ್ಮ ಕೈಗೆ ಕೊಟ್ಟಾಗಿದೆ. ಅದನ್ನೇ ಮತ್ತೆ ಓದಿ ತಮ್ಮ ತಾಳ್ಮೆಯನ್ನು ಪರೀಕ್ಷಿಸಲಾರೆವು. ‘ಧರ್ಮ ಮತ್ತು ಪ್ರಕೃತಿ’ ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದ್ದಾರೆ. ವಿಷಯವು ಸಾಗರದಷ್ಟು ದೊಡ್ಡದು. ಎಲ್ಲ ಮತಗಳೂ ಭೂಮಿಯನ್ನು ತಾಯಿಯೆಂದೋ ದೇವರ ಸೃಷ್ಟಿಯೆಂದೋ ಕೊಂಡಾಡಿವೆಯೆಂದು ಹೇಳಿ ನಾವು ಕುಳಿತುಕೊಳ್ಳಬಹುದು. ತಾವೂ ತಲೆದೂಗಿ ಮನೆಗೆ ತೆರಳಬಹುದು. ಆದರೆ ನಮ್ಮ ಆಟದ ಬಯಲಿನ ಆಚೆಗೆ ಒಂದು ನಾಗಬನವಿದೆ. ಅದರ ಜೀರ್ಣೋದ್ಧಾರಕ್ಕೆಂದು ಸಮಿತಿಯೊಂದು ಏರ್ಪಟ್ಟಿದೆ. ಆ ಸಮಿತಿಯ ಹಲವರು ಈಗ ಇಲ್ಲಿ ಮುಂದಿನ ಸಾಲಿನಲ್ಲಿಯೇ ಆಸೀನರಾಗಿದ್ದಾರೆ. ಹೀಗಿರುವಾಗ ದೂರದ ಮಾತುಗಳನ್ನಷ್ಟೇ ಆಡಿ, ಹತ್ತಿರದ ಮಾತನ್ನು ನುಂಗಿಕೊಳ್ಳುವುದು ನಮಗೆ ಸರಿದೋರಲಿಲ್ಲ.

ಕಾಸರಗೋಡು ಸಪ್ತಭಾಷೆಗಳ ನಾಡೆಂದು ಹೆಸರಾಗಿದೆ. ಇಲ್ಲಿ ಕನ್ನಡ ತುಳು ಮಾತನಾಡುವವರು ಬನ ಎನ್ನುವುದನ್ನೇ ಮಲೆಯಾಳದವರು ಕಾವು ಎನ್ನುತ್ತಾರೆ. ಹೆಸರು ಬೇರೆಯಾದರೂ ಮರಗಳು ಅವೇ. ಊರಿಗೆ ಹೆಸರು ತಂದಿತೆಂದು ಹಲವರು ಹೇಳುವ ಕಾಸರಕದ ಮರ, ಆಟಿ ಅಮಾವಾಸ್ಯೆಯ ಮುಂಜಾವಿನಲ್ಲಿ ತೊಗಟೆ ತಂದು ಕಷಾಯ ಮಾಡಿ ಕುಡಿಯುವ ಹಾಲೆಮರ, ರೆಂಜೆ, ಸುರಗಿ, ಇವುಗಳಿಗೆ ಸುತ್ತಿಕೊಂಡು ಮೇಲೇರಿದ, ತೊಡೆಯಷ್ಟು ದಪ್ಪನಾದ ಬಳ್ಳಿಗಳು. ಇವುಗಳ ನೆರಳಿನಲ್ಲಿ ನಾಗನ ಕಲ್ಲು. ವರ್ಷಕ್ಕೆ ಒಂದೆರಡು ಸಲ ತನು ಎರೆಯುವುದಕ್ಕೋ ತಂಬಿಲಕ್ಕೋ ಒಳಗೆ ಹೋಗುವುದುಂಟು. ಮಿಕ್ಕ ದಿನಗಳಲ್ಲಿ ಅದು ಹಾವಿನ, ಹಕ್ಕಿಯ, ಬಾವಲಿಯ ರಾಜ್ಯ. ನಮ್ಮ ಜಿಲ್ಲೆಯ ಪೂರ್ವದ ಮಲೆಯಲ್ಲಿರುವ ಕಮ್ಮಾಡಂ ಕಾವು ಐವತ್ತು ಎಕರೆಗೂ ಮಿಕ್ಕಿದ್ದು. ಅದರೊಳಗೆ ರಾಮಪತ್ರೆಯ ಜಾತಿಯ ಮರಗಳು ಬೆಳೆಯುವ ಜಡ್ಡಿಯಿದೆ. ಆ ಮರಗಳು ಸದಾ ನೀರು ನಿಂತ ಕೆಸರಿನಲ್ಲಿ ಬದುಕುವುದರಿಂದ ಅವುಗಳ ಬೇರುಗಳು ಉಸಿರಾಟಕ್ಕಾಗಿ ಮಂಡಿ ಮಡಚಿದಂತೆ ನೆಲದಿಂದ ಮೇಲೆದ್ದು ಮತ್ತೆ ನೆಲಕ್ಕೆ ಇಳಿಯುತ್ತವೆ. ಅಂತಹ ಜಡ್ಡಿಗಳು ಪಶ್ಚಿಮಘಟ್ಟದಲ್ಲಿ ಬಹಳ ಉಳಿದಿಲ್ಲ. ಉಳಿದವುಗಳಲ್ಲಿ ಕೆಲವು ದೇವರ ಹೆಸರಿನ ಕಾಡುಗಳಲ್ಲಿಯೇ ಇವೆ.

ಮಕ್ಕಳು ಭೂಗೋಳದ ಪಾಠದಲ್ಲಿ ಓದಿದ್ದಾರೆ: ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಜಿಲ್ಲೆಯಲ್ಲಿ 12 ನದಿಗಳಿವೆ. ಆದರೂ ಮಾರ್ಚ್ ಬಂತೆಂದರೆ ಬಾವಿಯ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟುಹಾಕುವ ಮನೆಗಳು ಎಷ್ಟಿಲ್ಲ? ಮುರಕಲ್ಲಿನ ಬೋಳುಗುಡ್ಡೆಯ ಮೇಲೆ ಬಿದ್ದ ಮಳೆ ನಿಲ್ಲದೆ ಸಮುದ್ರಕ್ಕೆ ಓಡುತ್ತದೆ. ತರಗೆಲೆಯ ಹಾಸಿಗೆಯ ಮೇಲೆ, ಬೇರುಗಳ ಜಾಲದ ಮೇಲೆ ಬಿದ್ದದ್ದು ಇಂಗುತ್ತದೆ. ಬನದ ಕೆಳಗಿನ ಗದ್ದೆಯ ಬಾವಿಯಲ್ಲಿ ನೀರು ತಡವಾಗಿ ಬತ್ತುವುದಕ್ಕೆ ನಾಗನ ಅನುಗ್ರಹವೇ ಕಾರಣವೆಂದು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ವಿಜ್ಞಾನದ ಅಧ್ಯಾಪಕರು ತರಗೆಲೆಯ ಮಾತು ಹೇಳುತ್ತಾರೆ. ಇಬ್ಬರೂ ತೋರಿಸುವ ಜಾಗ ಒಂದೇ ಆದುದರಿಂದ ಅವರನ್ನು ಜಗಳಕ್ಕೆ ಹಚ್ಚುವ ಅಗತ್ಯ ನಮಗಿಲ್ಲ.

ಈ ಬನಗಳನ್ನು ಇಷ್ಟು ಕಾಲ ಉಳಿಸಿದ್ದು ಭಯವೆಂದು ಹೇಳುವುದು ವಾಡಿಕೆ. ಕೊಂಬೆ ಕಡಿದರೆ ನಾಗದೋಷ ಬರುತ್ತದೆಂಬ ಹೆದರಿಕೆ ನಿಜಕ್ಕೂ ಕೆಲಸ ಮಾಡಿದೆ. ಆದರೆ ಭಯವೊಂದೇ ಅಲ್ಲ. ಪ್ರೀತಿಯಿಂದ ಪ್ರಾಣವನ್ನೇ ತೆತ್ತವರೂ ಉಂಟು. 1730ರಲ್ಲಿ ಜೋಧಪುರದ ಅರಸನ ಕಡೆಯವರು ಸೌದೆಗಾಗಿ ಖೇಜಡ್ಲಿ ಎಂಬ ಹಳ್ಳಿಗೆ ಮರ ಕಡಿಯಲು ಬಂದಾಗ, ಬಿಷ್ಣೋಯಿ ಮತದ ಅಮೃತಾದೇವಿ ಎಂಬ ಹೆಣ್ಣುಮಗಳು ಮೊದಲಾಗಿ 363 ಮಂದಿ ಮರಗಳನ್ನು ತಬ್ಬಿ ಕೊಡಲಿಗೆ ಕೊರಳೊಡ್ಡಿದರೆಂದು ಆ ಜನರು ಇಂದಿಗೂ ಸ್ಮರಿಸುತ್ತಾರೆ. ಅವರು ಕಾಪಾಡಿದ ಮರ ಬೇರಾವುದೂ ಅಲ್ಲ, ದಸರೆಯಲ್ಲಿ ನಾವು ಎಲೆ ಹಂಚಿಕೊಳ್ಳುವ ಬನ್ನಿ. ಅವರ ಗುರು ಜಾಂಭೋಜಿಯವರು ಹಾಕಿಕೊಟ್ಟ 29 ನಿಯಮಗಳಲ್ಲಿ ಹಸಿಮರವನ್ನು ಕಡಿಯಬಾರದೆಂಬುದೂ ಒಂದು.

ಇಷ್ಟು ಕೇಳಿದ ಮೇಲೆ, ನಂಬಿಕೆಯಿರುವಲ್ಲಿ ಮರಕ್ಕೆ ಅಪಾಯವಿಲ್ಲವೆಂದು ತಮಗೆ ತೋರಬಹುದು. ನಮ್ಮ ನೆರೆಯ ಕೊಡಗನ್ನು ನೋಡೋಣ. ಅಲ್ಲಿ 1,214 ದೇವರಕಾಡುಗಳು ಲೆಕ್ಕಕ್ಕೆ ಸಿಕ್ಕಿವೆ. ಊರಿಗೊಂದು ದೇವರಕಾಡು ಇರುವ ಅಂತಹ ಸೀಮೆ ಬೇರೊಂದಿದೆಯೋ ಇಲ್ಲವೋ. ಆದರೂ 20ನೆಯ ಶತಮಾನದ ಆರಂಭದಲ್ಲಿ ಆರು ಸಾವಿರ ಹೆಕ್ಟೇರಿಗೂ ಮೇಲ್ಪಟ್ಟಿದ್ದ ಆ ಕಾಡುಗಳ ವಿಸ್ತಾರವು 1985ರ ವೇಳೆಗೆ ಸುಮಾರು 2,550 ಹೆಕ್ಟೇರಿಗೆ ಇಳಿಯಿತು. ದೇವರು ಇದ್ದಲ್ಲಿಯೇ ಇದ್ದರು. ಹಬ್ಬಗಳೂ ನಡೆಯುತ್ತಲೇ ಇದ್ದವು. ಕಾಫಿಯ ತೋಟ ಮಾತ್ರ ಒಂದೊಂದೇ ಹೆಜ್ಜೆಯಾಗಿ ಒಳಗೆ ಬಂತು. ಪೂಜೆ ನಿಲ್ಲದೆಯೇ ಕಾಡು ಕರಗಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಇನ್ನು ಒಂದು ಮಾತು. ನಮ್ಮ ಶಾಲೆಗೆ ದೇವಸ್ಥಾನಕ್ಕೆ ಹೋಗುವ ಮನೆಯ ಮಕ್ಕಳಂತೆ ಮಸೀದಿಗೂ ಇಗರ್ಜಿಗೂ ಹೋಗುವ ಮನೆಯ ಮಕ್ಕಳು ಬರುತ್ತಾರೆ. ಬನದ ಮಾತು ನಾಗನನ್ನು ನಂಬುವವರಿಗೆ ಮಾತ್ರ ಸಂಬಂಧಿಸಿದ್ದೆಂದು ಅವರು ತಿಳಿಯಬಾರದು. ಆದುದರಿಂದ, ನಾಗನ ಹೆಸರನ್ನೇ ಕೇಳದ ಒಂದು ದೇಶದಲ್ಲಿ, ಕ್ರೈಸ್ತರ ಗುಡಿಗಳ ಸುತ್ತ ಉಳಿದುಕೊಂಡ ಕಾಡಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಅರಬ್ಬೀ ಸಮುದ್ರದ ಆಚೆ, ಆಫ್ರಿಕದ ಪೂರ್ವಭಾಗದಲ್ಲಿ ಇಥಿಯೋಪಿಯ ದೇಶವಿದೆ. ನಾಲ್ಕನೆಯ ಶತಮಾನದಲ್ಲಿ, ಎಜಾನ ಎಂಬ ಅರಸನ ಕಾಲದಲ್ಲಿ, ಅಲ್ಲಿಗೆ ಕ್ರೈಸ್ತಮತವು ಬಂದಿತು. ಆ ದೇಶದ ಉತ್ತರದ ಎತ್ತರದ ಸೀಮೆಯಲ್ಲಿ, ನೀಲಿ ನೈಲ್ ನದಿ ಹುಟ್ಟುವ ತಾನಾ ಸರೋವರದ ಆಸುಪಾಸಿನಲ್ಲಿ, ದಕ್ಷಿಣ ಗೊಂಡರ್ ಎಂಬ ಪ್ರಾಂತವಿದೆ. ಅದನ್ನು ಆಕಾಶದಿಂದ ತೆಗೆದ ಚಿತ್ರದಲ್ಲಿ ನೋಡಿದರೆ ಕಣ್ಣು ಹಾಯುವಷ್ಟೂ ಉತ್ತ ಹೊಲ, ಮೇದು ಬೋಳಾದ ಹುಲ್ಲುಗಾವಲು. ನಡುನಡುವೆ ಹಸುರು ಬೊಟ್ಟು ಇಟ್ಟಂತೆ ದುಂಡಗಿನ ಸಣ್ಣ ಸಣ್ಣ ಕಾಡುಗಳು. ಪ್ರತಿಯೊಂದು ಬೊಟ್ಟಿನ ಮಧ್ಯದಲ್ಲಿ ದುಂಡನೆಯ ಮಾಡಿನ ಒಂದು ಇಗರ್ಜಿ. ಈ ಒಂದೇ ಪ್ರಾಂತದಲ್ಲಿ ಅಂತಹವು ಸಾವಿರಕ್ಕೂ ಮೀರಿ ಇವೆ. ಗುಡಿಗೆ ಮರಗಳೇ ಉಡುಗೆಯೆಂದು ಅಲ್ಲಿನವರ ಭಾವನೆ. ಮರವಿಲ್ಲದ ಗುಡಿಯನ್ನು ಕಂಡರೆ ಬಟ್ಟೆಯಿಲ್ಲದವರನ್ನು ಕಂಡಂತೆ ಅವರಿಗೆ ನಾಚಿಕೆಯಾಗುತ್ತದೆ.

ನೂರಾರು ವರ್ಷಗಳ ಉಳುಮೆಯಲ್ಲಿ ಸುತ್ತಲಿನ ಕಾಡೆಲ್ಲ ಹೋಯಿತು. 1975ರಲ್ಲಿ ಅಲ್ಲಿನ ಸರಕಾರವು ಹಳ್ಳಿಗಾಡಿನ ಭೂಮಿಯನ್ನೆಲ್ಲ ತನ್ನದಾಗಿ ಮಾಡಿಕೊಂಡಾಗ ಇಗರ್ಜಿಗಳ ಹೊಲಗಳೂ ಹೋದವು. ಗುಡಿಯ ಸುತ್ತಲಿನ ಮರಗಳು ಮಾತ್ರ ಉಳಿದವು. 1938ರಲ್ಲಿ, ಇಟಲಿಯವರು ಆ ದೇಶವನ್ನು ಆಕ್ರಮಿಸಿಕೊಂಡಿದ್ದಾಗ ವಿಮಾನದಿಂದ ತೆಗೆಸಿದ ಚಿತ್ರಗಳನ್ನು ಈಚಿನ ಚಿತ್ರಗಳೊಡನೆ ಹೋಲಿಸಿ ನೋಡಿದ ವಿದ್ವಾಂಸರು, ಈ ಹಸುರು ಬೊಟ್ಟುಗಳು ಬಹುಮಟ್ಟಿಗೆ ಅಳಿಯದೆ ನಿಂತಿವೆಯೆಂದು ಕಂಡುಕೊಂಡಿದ್ದಾರೆ. ಇಲ್ಲಿಗೆ ಕಥೆ ಮುಗಿದಿದ್ದರೆ ನಾವು ಚಪ್ಪಾಳೆ ತಟ್ಟಿ ಸುಮ್ಮನಾಗಬಹುದಿತ್ತು.

ಅದೇ ಸೀಮೆಯಲ್ಲಿ ಅಲೆಮಾಯೆಹು ವಾಸ್ಸಿ ಎಂಬ ಅರಣ್ಯವಿಜ್ಞಾನಿಯಿದ್ದಾರೆ. ಅವರು 28 ಇಗರ್ಜಿಗಳ ಕಾಡುಗಳಲ್ಲಿ ನೆಲದ ಮೇಲೆ ಕುಳಿತು ಗಿಡಗಳನ್ನು ಎಣಿಸಿದರು. ಮರ, ಪೊದೆ, ಬಳ್ಳಿ ಎಲ್ಲ ಸೇರಿ 168 ಜಾತಿಗಳು ಸಿಕ್ಕಿದವು. ಬಹುಪಾಲು ಆ ನೆಲದವೇ. ಕಾಡು ಆಲಿವ್ ಇದೆ, ಎತ್ತರದ ಜೂನಿಪರ್ ಇದೆ. ಆದರೆ ಎಷ್ಟೋ ಕಡೆಗಳಲ್ಲಿ ದೊಡ್ಡ ಮರಗಳ ಬುಡದಲ್ಲಿ ಆ ಮರಗಳ ಸಸಿಗಳು ಸಾಕಷ್ಟಿರಲಿಲ್ಲ. ಬೀಜ ಬೀಳುತ್ತಿತ್ತು, ಮೊಳೆಯುತ್ತಲೂ ಇತ್ತು. ಆ ಮೊಳಕೆಯನ್ನು ಹೊಲದಿಂದ ನುಗ್ಗಿದ ದನಕರುಗಳು ಮೇಯುತ್ತಿದ್ದವು, ತುಳಿಯುತ್ತಿದ್ದವು. ಅವರು ಕೆಲವು ತುಂಡುಗಳಿಗೆ ಬೇಲಿ ಹಾಕಿ ನೋಡಿದರು. ಬೇಲಿಯ ಒಳಗೆ ಸಸಿಗಳು ಬದುಕಿದವು, ಹೊರಗಿನವು ಸತ್ತವು. ಇದು ನಮ್ಮ ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಸರಳ ಪ್ರಯೋಗ. ಅದರಿಂದ ತಿಳಿದ ವಿಷಯ ಮಾತ್ರ ಸಣ್ಣದಲ್ಲ. ಮರವನ್ನು ಕಡಿಯಬಾರದೆಂಬ ಕಟ್ಟಳೆಯನ್ನು ಜನರು ಶ್ರದ್ಧೆಯಿಂದಲೇ ಪಾಲಿಸಿದ್ದರು. ಸಸಿಯನ್ನು ಕಾಯಬೇಕೆಂಬ ಕಟ್ಟಳೆ ಇರಲೇ ಇಲ್ಲ. ಅಜ್ಜ ಅಜ್ಜಿಯರಿದ್ದು ಮೊಮ್ಮಕ್ಕಳಿಲ್ಲದ ಮನೆಯಂತೆ ಕಾಡು ಹೊರಗಿನಿಂದ ಗಂಭೀರವಾಗಿ ಕಾಣುತ್ತಿತ್ತು. ಗಡಿನಾಡಿನ ಕನ್ನಡ ಶಾಲೆಯ ಮುಖ್ಯೋಪಾಧ್ಯಾಯರಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಹಾಜರಿ ಪುಸ್ತಕವನ್ನು ತೆರೆದಾಗ ನಮಗದು ಅರ್ಥವಾಗುತ್ತದೆ.

ಅಲೆಮಾಯೆಹು ಅವರಿಗೆ ಅಮೆರಿಕದ ಮಾರ್ಗರೆಟ್ ಲೋಮನ್ ಎಂಬ, ಮರದ ನೆತ್ತಿಯಲ್ಲಿನ ಜೀವರಾಶಿಯನ್ನು ಅಭ್ಯಸಿಸುವ ವಿದುಷಿಯ ಸ್ನೇಹವಾಯಿತು. ಇಬ್ಬರೂ ಇಗರ್ಜಿಯ ಪಾದ್ರಿಗಳನ್ನು ಸೇರಿಸಿ, ಆಕಾಶದಿಂದ ತೆಗೆದ ಚಿತ್ರಗಳನ್ನು ಮುಂದಿಟ್ಟು, ನಿಮ್ಮ ಕಾಡು ಇಷ್ಟು ಚಿಕ್ಕದು, ಸುತ್ತ ಏನೂ ಇಲ್ಲ ಎಂದು ತೋರಿಸಿದರು. ಪಾದ್ರಿಗಳು ಊರವರೊಡನೆ ಕಲೆತು ಗೋಡೆ ಕಟ್ಟಲು ನಿಂತರು. ಸಿಮೆಂಟಿನ ಗೋಡೆಯಲ್ಲ, ಹೊಲಗಳಲ್ಲಿ ನೇಗಿಲಿಗೆ ಅಡ್ಡ ಬರುತ್ತಿದ್ದ ಕಲ್ಲುಗಳನ್ನೇ ಆರಿಸಿ ತಂದು ಒಂದರ ಮೇಲೊಂದು ಜೋಡಿಸಿದ ಗೋಡೆ. ಹೊಲಕ್ಕೆ ಕಲ್ಲಿನ ಕಾಟ ತಪ್ಪಿತು, ಕಾಡಿಗೆ ದನದ ಕಾಟ ತಪ್ಪಿತು. ಬಾಗಿಲಿಗೂ ಇತರ ಖರ್ಚಿಗೂ ದೂರದಿಂದ ಸ್ವಲ್ಪ ಹಣ ಬಂತು. ಬೆವರು ಊರಿನದೇ. ಗೋಡೆ ಎದ್ದ ಕಡೆಗಳಲ್ಲಿ ಸಸಿಗಳು ತಲೆಯೆತ್ತಿದವು.

ಎಲ್ಲವೂ ಸರಿಯಾಯಿತೆಂದು ಹೇಳಲಾರೆವು. ಆ ಕಾಡುಗಳ ಅಂಚಿನಲ್ಲಿ ಬೇಗ ಬೆಳೆದು ಬೇಗ ಹಣ ತರುವ ನೀಲಗಿರಿಯ ಮರಗಳನ್ನು ನೆಟ್ಟದ್ದರಿಂದ, ಚಿತ್ರದಲ್ಲಿ ಹಸುರು ಹೆಚ್ಚಿದಂತೆ ಕಂಡರೂ ಹಳೆಯ ಜಾತಿಗಳ ಜಾಗವನ್ನು ಅದು ಕಸಿದುಕೊಂಡಿದೆ. ಕಾಡಿನೊಳಗೆ ಹೊಸ ಕಟ್ಟಡಗಳು, ಗೋರಿಗಳು, ಅಗಲವಾದ ದಾರಿಗಳು ಬಂದಿವೆ. ಅಂದರೆ ದನಗಳು ಮಾಡಿದ ಕೆಲಸವನ್ನು ಭಕ್ತರೂ ಸ್ವಲ್ಪಮಟ್ಟಿಗೆ ಮಾಡುತ್ತಿದ್ದಾರೆ.

ಜಗತ್ತಿನ ದೊಡ್ಡ ದೊಡ್ಡ ಧರ್ಮಾಧಿಕಾರಿಗಳು ಈ ವಿಷಯದಲ್ಲಿ ಮೌನವಾಗಿದ್ದಾರೆಂದು ಯಾರೂ ದೂರಬೇಕಾಗಿಲ್ಲ. 1986ರಲ್ಲಿ ಇಟಲಿಯ ಅಸಿಸಿ ಪಟ್ಟಣದಲ್ಲಿ ಹಿಂದೂ, ಬೌದ್ಧ, ಕ್ರೈಸ್ತ, ಇಸ್ಲಾಂ, ಯಹೂದಿ ಎಂಬ ಐದು ಮತಗಳವರು ಕೂಡಿ ಪ್ರಕೃತಿರಕ್ಷಣೆಯ ಘೋಷಣೆಗಳನ್ನು ಹೊರಡಿಸಿದರು. ಹಿಂದೂಗಳ ಪರವಾಗಿ ಡಾ. ಕರಣ್ ಸಿಂಗ್ ಅವರು ಮಾತನಾಡಿದರು. 1989ರಲ್ಲಿ ಕಾನ್‌ಸ್ಟಾಂಟಿನೋಪಲಿನ ಧರ್ಮಪಿತ ದಿಮಿತ್ರಿಯೋಸರು ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು. 2015ರಲ್ಲಿ ಪೋಪ್ ಫ್ರಾನ್ಸಿಸರು ಈ ವಿಷಯವಾಗಿಯೇ ದೀರ್ಘವಾದ ಧರ್ಮಪತ್ರ ಬರೆದರು. 2024ರಲ್ಲಿ ಮುಸ್ಲಿಂ ವಿದ್ವಾಂಸರು ‘ಅಲ್-ಮೀಜಾನ್’ ಎಂಬ ಒಡಂಬಡಿಕೆಯನ್ನು ನೈರೋಬಿಯಲ್ಲಿ ಲೋಕದ ಮುಂದಿಟ್ಟರು. ಮೀಜಾನ್ ಎಂದರೆ ತಕ್ಕಡಿ. ಇವೆಲ್ಲ ಗೌರವಕ್ಕೆ ಅರ್ಹವಾದವು. ಆದರೂ ನಮ್ಮ ತೂಕದಲ್ಲಿ, ಹೊಲದ ಕಲ್ಲು ಹೊತ್ತ ಆ ಹಳ್ಳಿಯ ಪಾದ್ರಿಗಳ ತಕ್ಕಡಿಯೇ ಸ್ವಲ್ಪ ಕೆಳಗೆ ಬಗ್ಗುತ್ತದೆ.

ಕಾನೂನು ಕೂಡ ಹಿಂದೆ ಬಿದ್ದಿಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿನಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ ಪ್ರಾಣಿಗಳ ದಾಖಲೆ ಬರೆದಿಡಬೇಕು. 2024ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ರಾಜಸ್ಥಾನದ ದೇವರಕಾಡುಗಳನ್ನು ಅಳೆದು ಗುರುತಿಸಬೇಕೆಂದು ಅಪ್ಪಣೆ ಮಾಡಿತು. ಕಾನೂನು ಗಡಿಕಲ್ಲು ನೆಡಬಲ್ಲದು. ಗಡಿಕಲ್ಲಿನ ಒಳಗೆ ಏನು ಮೊಳೆಯುತ್ತದೆಂಬುದು ಊರವರಿಗೆ ಬಿಟ್ಟದ್ದು.

ಈಗ ನಮ್ಮ ಬನಕ್ಕೆ ಬರೋಣ. ಕಳೆದ ಮಳೆಗಾಲದ ಕೊನೆಯಲ್ಲಿ ಮನೆಯವರ ಅನುಮತಿ ಪಡೆದು, ಚಪ್ಪಲಿ ಹೊರಗಿಟ್ಟು, ನಮ್ಮ ಮಕ್ಕಳು ಅಧ್ಯಾಪಕರೊಡನೆ ಅದರ ಅಂಚಿನಲ್ಲಿ ಸುತ್ತಿ ಬಂದರು. ದೊಡ್ಡ ಮರಗಳನ್ನು ನೋಡಿ ಬೆರಗಾದರು. ಆ ಮರಗಳ ಸಸಿಗಳನ್ನು ಹುಡುಕಿರೆಂದಾಗ ಎಣಿಸುವುದಕ್ಕೆ ಎರಡು ಕೈಯ ಬೆರಳುಗಳೇ ಸಾಕಾದವು. ರಸ್ತೆಯ ಬದಿಯಿಂದ ಹಾರಿಬಂದ ಅಕೇಶಿಯದ ಸಸಿಗಳು ಮಾತ್ರ ಲೆಕ್ಕಕ್ಕೆ ಸಿಕ್ಕಲಿಲ್ಲ, ಅಷ್ಟಿದ್ದವು. ಇಲ್ಲಿ ದನಗಳ ತಪ್ಪಿಲ್ಲ. ಊರಿನಲ್ಲಿ ದನಗಳೇ ಕಡಿಮೆಯಾಗಿವೆ. ಇಲ್ಲಿ ಸಸಿಯನ್ನು ಮೇಯುವುದು ನಮ್ಮ ಪೊರಕೆ, ನಮ್ಮ ಕತ್ತಿ. ತಂಬಿಲಕ್ಕೆ ಮುಂಚೆ ಬನವನ್ನು ‘ಚೊಕ್ಕ’ ಮಾಡುವ ಭಕ್ತಿಯಲ್ಲಿ ಅಡಿಗಿಡಗಳನ್ನೆಲ್ಲ ಸವರುತ್ತೇವೆ. ತರಗೆಲೆಯನ್ನು ಗುಡಿಸಿ ಅಡಕೆಯ ತೋಟಕ್ಕೆ ಹೊರುತ್ತೇವೆ. ಮುಂದಿನ ಅರುವತ್ತು ವರ್ಷಗಳ ಹಾಲೆಮರವು ಹೀಗೆ ಬುಟ್ಟಿಯಲ್ಲಿ ಹೊರಗೆ ಹೋಗುತ್ತದೆ.

ಸಮಿತಿಯವರ ಯೋಜನೆಯ ನಕ್ಷೆಯನ್ನು ನಾವು ನೋಡಿದ್ದೇವೆ. ನಾಗನ ಕಲ್ಲುಗಳ ಸುತ್ತ ಕಾಂಕ್ರೀಟಿನ ಕಟ್ಟೆ, ಅದರ ಸುತ್ತ ಇಂಟರ್‌ಲಾಕ್ ಹಾಸಿದ ಅಂಗಳ, ಅಂಗಳಕ್ಕೆ ಆವರಣದ ಗೋಡೆ, ಮೇಲೆ ತಗಡಿನ ಚಪ್ಪರ. ಇದನ್ನು ಬರೆದವರು ನಾಗನ ಮೇಲಿನ ಭಕ್ತಿಯಿಂದಲೇ ಬರೆದಿದ್ದಾರೆ, ಸಂಶಯವಿಲ್ಲ. ಆಶ್ಲೇಷಾ ಬಲಿಯ ದಿನ ಮುನ್ನೂರು ಜನ ಸೇರುತ್ತಾರೆ, ಕೆಸರಿನಲ್ಲಿ ವೃದ್ಧರು ಜಾರುತ್ತಾರೆ, ಹೆಂಗಸರಿಗೆ ಮಕ್ಕಳಿಗೆ ನಿಲ್ಲಲು ಸ್ಥಳವಿಲ್ಲ ಎಂಬುದು ಅವರ ವಾದ. ಅದರಲ್ಲಿ ಸತ್ಯವಿದೆ; ಮಳೆಗಾಲದಲ್ಲಿ ಅಲ್ಲಿ ಜಾರಿದವರನ್ನು ಎತ್ತಿ ಕೂರಿಸಿದವರಲ್ಲಿ ನಮ್ಮ ಶಾಲೆಯ ಹುಡುಗರೂ ಇದ್ದಾರೆ. ಆದರೆ ಆ ನಕ್ಷೆಯಂತೆ ಮಾಡಿದರೆ ಮಧ್ಯದ ಐದು ಮರಗಳು ಹೋಗುತ್ತವೆ. ಉಳಿದವುಗಳ ಬೇರಿನ ಮೇಲೆ ಹಾಸುಗಲ್ಲು ಬೀಳುತ್ತದೆ. ಬಿದ್ದ ಬೀಜಕ್ಕೆ ಮಣ್ಣೇ ಸಿಕ್ಕುವುದಿಲ್ಲ. ಬನವೆಂಬ ಹೆಸರು ಫಲಕದಲ್ಲಿರುತ್ತದೆ.

ಗೋಡೆ ಬೇಡವೆನ್ನುವವರಲ್ಲ ನಾವು. ಇಥಿಯೋಪಿಯದವರೂ ಗೋಡೆಯನ್ನೇ ಕಟ್ಟಿದರು. ಅವರ ಗೋಡೆ ಕೊನೆಯ ಮರದ ಹೊರಗಿದೆ. ನಮ್ಮ ನಕ್ಷೆಯ ಗೋಡೆ ಮೊದಲನೆಯ ಮರದ ಒಳಗಿದೆ. ಅದೇ ಹಣದಲ್ಲಿ ಬನದ ಹೊರಸುತ್ತಿಗೆ, ಮರಗಳಿಂದ ಹತ್ತು ಅಡಿ ಆಚೆಗೆ, ನಮ್ಮೂರಿನ ಮುರಕಲ್ಲನ್ನೇ ಸಿಮೆಂಟಿಲ್ಲದೆ ಜೋಡಿಸಬಹುದು. ಮಳೆಯ ನೀರು ಅದರ ಸಂದಿನಿಂದ ಹರಿದುಹೋಗುತ್ತದೆ. ನಾಗನ ಕಲ್ಲಿನ ತನಕ ಮೂರು ಅಡಿ ಅಗಲದ ಒಂದೇ ದಾರಿ, ಅದಕ್ಕೂ ಮುರಕಲ್ಲೇ ಸಾಕು, ಹಿಡಿದು ನಡೆಯಲು ಒಂದು ಬದಿಗೆ ಕಂಬಿ. ಜನ ಸೇರುವ ಚಪ್ಪರವನ್ನು ನಮ್ಮ ಆಟದ ಬಯಲಿನಲ್ಲಿ ಹಾಕಬಹುದು. ಬಯಲನ್ನು ಆ ದಿನ ಬಿಟ್ಟುಕೊಡಲು ವಿದ್ಯಾಸಂಘವು ಒಪ್ಪಿದೆಯೆಂದು ಈ ಸಭೆಯಲ್ಲಿ ತಿಳಿಸಲು ಅಧ್ಯಕ್ಷರು ನಮಗೆ ಅನುಮತಿ ಕೊಟ್ಟಿದ್ದಾರೆ. ತರಗೆಲೆಯನ್ನು ದಾರಿಯ ಮೇಲಿನದಷ್ಟನ್ನೇ ಗುಡಿಸಿ ಬನದೊಳಕ್ಕೇ ಹಾಕಬೇಕು. ಅಕೇಶಿಯವನ್ನು ಮಾತ್ರ ಕಿತ್ತುಹಾಕಬೇಕು. ಆ ಕೆಲಸಕ್ಕೆ ತಂತ್ರಿಗಳ ಒಪ್ಪಿಗೆ ದೊರೆತರೆ ಸ್ಕೌಟ್ ಹುಡುಗರು ಸಿದ್ಧರಿದ್ದಾರೆ.

ಹಾವಿನ ಭಯವನ್ನು ಕೆಲವರು ಎತ್ತಿದ್ದಾರೆ: ಅಡಿಗಿಡ ಬಿಟ್ಟರೆ ಹಾವು ಹೆಚ್ಚುತ್ತದಂತೆ, ಶಾಲೆಯ ಮಕ್ಕಳಿಗೆ ಅಪಾಯವಂತೆ. ನಾಗನಿಗೆಂದು ಬಿಟ್ಟ ಜಾಗದಲ್ಲಿ ಹಾವು ಇರಬಾರದೆಂಬ ವಾದವನ್ನು ಕೇಳಿ ನಮಗೆ ಸ್ವಲ್ಪ ನಗು ಬಂದದ್ದುಂಟು. ಆದರೂ ತಾಯಂದಿರ ಆತಂಕವನ್ನು ನಗೆಯಿಂದ ತಳ್ಳಿಹಾಕಲಾಗದು. ಹೊರಸುತ್ತಿನ ಕಲ್ಲುಗೋಡೆಯ ಸಂದುಗಳಲ್ಲಿಯೂ ಹಾವು ಸೇರಬಹುದಾದ್ದರಿಂದ, ಶಾಲೆಯ ಬದಿಯಲ್ಲಿ ಮಾತ್ರ ಆ ಸಂದುಗಳನ್ನು ಗಾರೆಯಿಂದ ಮುಚ್ಚಿ, ನೀರಿಗೆ ಕೆಳಗೆ ತೂತುಗಳನ್ನಿಡಬಹುದು. ಬಯಲಿಗೂ ಬನಕ್ಕೂ ನಡುವೆ ಹುಲ್ಲು ಸವರಿದ ಒಂದು ಪಟ್ಟಿಯನ್ನು ನಾವೇ ಇಟ್ಟುಕೊಳ್ಳುತ್ತೇವೆ. ಚೆಂಡು ಬನದೊಳಗೆ ಬಿದ್ದರೆ ಹುಡುಗರು ತಾವೇ ನುಗ್ಗದೆ ಅಧ್ಯಾಪಕರಿಗೆ ತಿಳಿಸಬೇಕೆಂಬ ನಿಯಮ ಈಗಾಗಲೇ ಜಾರಿಯಲ್ಲಿದೆ.

ಸಮಿತಿಯ ಮುಂದಿನ ಕೂಟವು ಬರುವ ಭಾನುವಾರ ಸಂಜೆ ನಾಲ್ಕು ಗಂಟೆಗೆ ನಮ್ಮ ಶಾಲೆಯಲ್ಲಿಯೇ ಸೇರಲಿದೆ. ಹಳೆಯ ನಕ್ಷೆಯ ಪಕ್ಕದಲ್ಲಿ ಇನ್ನೊಂದು ನಕ್ಷೆಯನ್ನು ನಮ್ಮ ಚಿತ್ರಕಲಾ ಅಧ್ಯಾಪಕರು ಬರೆದು ಇಡುತ್ತಾರೆ. ಎರಡನ್ನೂ ನೋಡಿ ಸಮಿತಿಯು ನಿರ್ಧರಿಸಲಿ. ರಕ್ಷಕರಲ್ಲಿ ಇನ್ನೊಂದು ವಿಜ್ಞಾಪನೆ. ಪಂಚಾಯತಿನ ಜೀವವೈವಿಧ್ಯ ದಾಖಲೆಗೆ ಸೇರಿಸಲು ಮಕ್ಕಳು ಬನದ ಮರಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದಾರೆ. ಹನ್ನೊಂದು ಮರಗಳ ಹೆಸರು ನಮ್ಮ ಅಧ್ಯಾಪಕರಲ್ಲಿ ಯಾರಿಗೂ ತಿಳಿಯಲಿಲ್ಲ. ಅವುಗಳ ಎಲೆಗಳನ್ನು ಒಣಗಿಸಿ, ಕಾಗದಕ್ಕೆ ಅಂಟಿಸಿ, ಸಂಖ್ಯೆ ಹಾಕಿ ಹೊರಗಿನ ಜಗಲಿಯಲ್ಲಿ ತೂಗಹಾಕಿದೆ. ತಮ್ಮ ಮನೆಗಳಲ್ಲಿರುವ ಹಿರಿಯರನ್ನು, ವಿಶೇಷವಾಗಿ ಸೊಪ್ಪು ಸೌದೆ ತಂದು ಬದುಕಿದ ಅಜ್ಜಿಯರನ್ನು, ಒಮ್ಮೆ ಕರೆದುತಂದು ತೋರಿಸಬೇಕು. ತುಳುವಿನಲ್ಲಾಗಲಿ ಮಲೆಯಾಳದಲ್ಲಾಗಲಿ ಕನ್ನಡದಲ್ಲಾಗಲಿ ಬ್ಯಾರಿಯಲ್ಲಾಗಲಿ, ಅವರು ಹೇಳಿದ ಹೆಸರನ್ನು ಹೇಳಿದಂತೆಯೇ ಆ ಕಾಗದದ ಕೆಳಗೆ ಬರೆಯಲು ಏಳನೆಯ ತರಗತಿಯ ಇಬ್ಬರು ಹುಡುಗಿಯರು ಪೆನ್ಸಿಲು ಹಿಡಿದು ಜಗಲಿಯಲ್ಲಿ ಕುಳಿತಿರುತ್ತಾರೆ.